ಮೊದಲ ಆದೇಶದಲ್ಲೇ ಹೇಳಬೇಕಾದ ಮಾತು

ಕಚೇರಿ, ಶಾಲೆ, ಸಹಕಾರ ಸಂಘ, ಗ್ರಂಥಾಲಯ, ಆಸ್ಪತ್ರೆ, ಎಲ್ಲಿಗೆ ಹೋದರೂ ಈಗ ನಮ್ಮ ಹೆಸರು, ಊರು, ಜಮೀನು, ಅಂಕ, ಸಾಲ ಎಲ್ಲವೂ ಒಂದಲ್ಲ ಒಂದು ಡೇಟಾಬೇಸಿನೊಳಗೆ ಸೇರಿಕೊಂಡಿರುತ್ತವೆ. ಆ ಡೇಟಾಬೇಸು ಎಂದೋ ಒಂದು ದಿನ ಯಾರೋ ಒಬ್ಬರು ಕೊಟ್ಟ ಒಂದೇ ಸಾಲಿನ ಆದೇಶದಿಂದ ಹುಟ್ಟಿದ್ದು. ‘ಕ್ರಿಯೇಟ್ ಡೇಟಾಬೇಸ್’ ಎಂದು ಬರೆದು, ಮುಂದೆ ಒಂದು ಹೆಸರು ಕೊಟ್ಟು, ಅರ್ಧವಿರಾಮ ಹಾಕಿದರೆ ಮುಗಿಯಿತು. ಕಲಿಸುವವರೂ ಕಲಿಯುವವರೂ ಈ ಸಾಲಿನ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೋಷ್ಟಕಗಳನ್ನು ಕಟ್ಟುವ, ಪ್ರಶ್ನೆಗಳನ್ನು ಕೇಳುವ ಸ್ವಾರಸ್ಯದ ಭಾಗಕ್ಕೆ ಹೋಗುವ ಅವಸರ ಎಲ್ಲರಿಗೂ ಇರುತ್ತದೆ. ಆದರೆ ಆ ಸಾಲಿನಲ್ಲಿ ನಾವು ಹೇಳದೆ ಬಿಟ್ಟದ್ದನ್ನು ವ್ಯವಸ್ಥೆ ತಾನೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಂಡದ್ದು ಬಹುಮಟ್ಟಿಗೆ ಬೇರೆ ಭಾಷೆಯವರು ತಮ್ಮ ಅನುಕೂಲಕ್ಕೆ ಗೊತ್ತುಮಾಡಿಕೊಂಡದ್ದಾಗಿರುತ್ತದೆ. ಆದ್ದರಿಂದ ಕನ್ನಡದ ಮಾಹಿತಿಯನ್ನು ಇಡಲು ಹೊರಟವರು ಅಕ್ಷರಗಳನ್ನು ಹೇಗೆ ಬರೆದಿಡಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬೆರಡನ್ನೂ ಆ ಮೊದಲ ಆದೇಶದಲ್ಲೇ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ವಾದ.

ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿಟ್ಟು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಅವುಗಳೊಳಗಿನ ಮೌಲ್ಯಗಳಿಂದಲೇ ಗುರುತಿಸಬಹುದು ಎಂದು ತೋರಿಸಿಕೊಟ್ಟವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಐಬಿಎಂ ಕಂಪನಿಯ ಸ್ಯಾನ್ ಹೊಸೆ ಸಂಶೋಧನಾಲಯದಲ್ಲಿದ್ದ ಅವರ ಪ್ರಬಂಧ 1970ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ರೂಪಿಸಿದ ಪ್ರಶ್ನೆಭಾಷೆ ಇಂದಿನ ಎಸ್‌ಕ್ಯೂಎಲ್ ಆಗಿ ಬೆಳೆದು, 1986ರಲ್ಲಿ ಅಮೆರಿಕದ ಮಾನಕವಾಯಿತು, ಮರುವರ್ಷ ಅಂತರರಾಷ್ಟ್ರೀಯ ಮಾನಕವೂ ಆಯಿತು. ಕೋಷ್ಟಕ ಕಟ್ಟುವುದು, ಸಾಲು ಸೇರಿಸುವುದು, ಅಳಿಸುವುದು, ಹುಡುಕುವುದು, ಇವಕ್ಕೆಲ್ಲ ಮಾನಕದಲ್ಲಿ ವಿಧಿಗಳಿವೆ. ಡೇಟಾಬೇಸನ್ನೇ ಸೃಷ್ಟಿಸುವ ಆದೇಶಕ್ಕೆ ಮಾತ್ರ ಅದರಲ್ಲಿ ವಿಧಿಯಿಲ್ಲ. ಅದನ್ನು ಆಯಾ ತಯಾರಕರಿಗೆ ಬಿಟ್ಟುಬಿಡಲಾಗಿದೆ. ಹೀಗಾಗಿ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ವ್ಯವಸ್ಥೆಗಳೆಲ್ಲದರಲ್ಲೂ ಆದೇಶದ ಮೊದಲೆರಡು ಪದಗಳು ಒಂದೇ ಆದರೂ ಅದರಿಂದ ಆಗುವ ಕೆಲಸ ಒಂದೇ ಅಲ್ಲ, ಹೇಳದೆ ಬಿಟ್ಟಾಗ ಸಿಗುವುದಂತೂ ಒಂದೇ ಅಲ್ಲವೇ ಅಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಈ ಆದೇಶ ಕೊಟ್ಟಾಗ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಹೊಸ ಡೇಟಾಬೇಸು ಶೂನ್ಯದಿಂದ ಹುಟ್ಟುವುದಿಲ್ಲ. ‘ಟೆಂಪ್ಲೇಟ್ 1’ ಎಂಬ ಹೆಸರಿನ ಡೇಟಾಬೇಸೊಂದು ಅಲ್ಲಿ ಮೊದಲೇ ಇರುತ್ತದೆ. ಅದರ ಪ್ರತಿಯೇ ಹೊಸದು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಹಾಗೆ ಇದು. ಹೆಪ್ಪಿನ ಗುಣವೇ ಮೊಸರಿಗೆ. ಟೆಂಪ್ಲೇಟಿನಲ್ಲಿ ಏನಿದೆಯೋ, ಅದರ ಅಕ್ಷರ ಸಂಕೇತ ಯಾವುದೋ, ಅಕಾರಾದಿ ಕ್ರಮ ಯಾವುದೋ, ಎಲ್ಲವೂ ಹೊಸದಕ್ಕೆ ಹಾಗೇ ಬರುತ್ತವೆ. ಟೆಂಪ್ಲೇಟಿನ ಅಕ್ಷರ ಸಂಕೇತವಾದರೂ ಎಲ್ಲಿಂದ ಬಂತು? ಸರ್ವರನ್ನು ಮೊದಲು ಸ್ಥಾಪಿಸಿದ ದಿನ ಆ ಯಂತ್ರದ ಭಾಷಾ ಸಂಯೋಜನೆ ಏನಿತ್ತೋ ಅದರಿಂದ. ಬೇರೆ ಸಂಕೇತ ಬೇಕೆಂದರೆ ‘ಟೆಂಪ್ಲೇಟ್ 0’ ಎಂಬ, ಯಾರೂ ಕೈಹಾಕದೆ ಇಟ್ಟಿರುವ ಇನ್ನೊಂದು ಮೂಲದಿಂದ ಪ್ರತಿ ಮಾಡು ಎಂದು ಹೇಳಬೇಕು. ಇಲ್ಲವಾದರೆ ವ್ಯವಸ್ಥೆ ಒಪ್ಪುವುದಿಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲೂ ‘ಮಾಡೆಲ್’ ಎಂಬ ಡೇಟಾಬೇಸಿನ ಪ್ರತಿಯಾಗಿಯೇ ಹೊಸದು ಹುಟ್ಟುತ್ತದೆ. ಮೈಎಸ್‌ಕ್ಯೂಎಲ್ ಕತೆ ನಮ್ಮ ವಿಷಯಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. ಸ್ವೀಡನ್ನಿನಲ್ಲಿ ಬೆಳೆದ ಆ ವ್ಯವಸ್ಥೆಯಲ್ಲಿ, 2018ರಲ್ಲಿ 8.0 ಆವೃತ್ತಿ ಬರುವ ತನಕ, ಸುಮ್ಮನೆ ಹೆಸರು ಕೊಟ್ಟು ಡೇಟಾಬೇಸ್ ಸೃಷ್ಟಿಸಿದರೆ ಸಿಗುತ್ತಿದ್ದ ಅಕ್ಷರ ಸಂಕೇತ ‘ಲ್ಯಾಟಿನ್ 1’, ಅನುಕ್ರಮ ಸ್ವೀಡಿಷ್. ರಾಯಚೂರಿನ ಕಾಲೇಜೊಂದರಲ್ಲಿ ಆದೇಶ ಕೊಟ್ಟರೂ ಅಷ್ಟೇ, ಸ್ಟಾಕ್‌ಹೋಮಿನಲ್ಲಿ ಕೊಟ್ಟರೂ ಅಷ್ಟೇ.

ಇದರಿಂದ ಆಗುವ ಮೊದಲ ಹಾನಿ ಅಕ್ಷರಗಳೇ ಉಳಿಯದಿರುವುದು. ಪಶ್ಚಿಮ ಯುರೋಪಿನ ಲಿಪಿಗಳಿಗೆಂದು ಮಾಡಿದ ಸಂಕೇತದಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಎಡೆಯಿಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಪಾಶ್ಚಾತ್ಯ ಅನುಕ್ರಮವಿರುವ ಸಾಮಾನ್ಯ ‘ವಾರ್‌ಚಾರ್’ ಅಂಕಣಕ್ಕೆ ಕನ್ನಡದ ಹೆಸರನ್ನು ಕಳಿಸಿದರೆ ಅದು ದೂರು ಹೇಳುವುದಿಲ್ಲ, ತಡೆಯುವುದೂ ಇಲ್ಲ. ಅಕ್ಷರ ಇದ್ದಲ್ಲೆಲ್ಲ ಒಂದೊಂದು ಪ್ರಶ್ನೆಚಿಹ್ನೆ ಬರೆದುಕೊಳ್ಳುತ್ತದೆ. ತೆರೆಯ ಮೇಲೆ ಫಾಂಟು ಸರಿಯಿಲ್ಲದೆ ಹಾಗೆ ಕಾಣುತ್ತಿದೆ ಎಂದು ಎಷ್ಟೋ ಮಂದಿ ತಿಳಿಯುತ್ತಾರೆ. ಫಾಂಟಿನ ತೊಡಕಾಗಿದ್ದರೆ ಫಾಂಟು ಹಾಕಿದ ಮೇಲೆ ಸರಿಹೋಗುತ್ತಿತ್ತು. ಇಲ್ಲಿ ಡಿಸ್ಕಿನ ಮೇಲೆಯೇ ಪ್ರಶ್ನೆಚಿಹ್ನೆ ಕೂತಿದೆ. ಅದು ಮೊದಲು ಯಲ್ಲಪ್ಪ ಆಗಿತ್ತೋ ನಿಂಗಮ್ಮ ಆಗಿತ್ತೋ ಎಂದು ಯಾವ ತಂತ್ರಜ್ಞನೂ ಹೇಳಲಾರ.

ಅಕ್ಷರ ಉಳಿದರೂ ಜಾಗ ಸಾಲದೆ ಹೋಗುವುದು ಇನ್ನೊಂದು ತೊಂದರೆ. ಯುನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೆ ಅದನ್ನು ಯುಟಿಎಫ್-8 ರೀತಿಯಲ್ಲಿ ಬರೆದಿಡುವಾಗ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ’ ಎಂಬುದು 224, 178, 149 ಎಂಬ ಮೂರು ಬೈಟುಗಳಾಗಿ ಕೂರುತ್ತದೆ. ಅಷ್ಟೇ ಅಲ್ಲ, ನಾವು ಒಂದು ಅಕ್ಷರ ಎಂದು ಎಣಿಸುವುದು ಯಂತ್ರಕ್ಕೆ ಹಲವು ಸಂಕೇತಗಳು. ‘ಕೃಷ್ಣಮೂರ್ತಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಕೃ, ಷ್ಣ, ಮೂ, ರ್ತಿ ಎಂದು ನಾಲ್ಕು ಅಕ್ಷರ. ಒತ್ತು, ಗುಣಿತ, ಹಲಂತ ಚಿಹ್ನೆಗಳನ್ನೆಲ್ಲ ಬಿಡಿಸಿ ಎಣಿಸಿದರೆ ಯುನಿಕೋಡ್‌ನಲ್ಲಿ 11 ಸಂಕೇತ, ಬೈಟುಗಳಲ್ಲಿ 33. ಒರಾಕಲ್‌ನಲ್ಲಿ ನಾವು ಬೇರೆ ಏನನ್ನೂ ಹೇಳದಿದ್ದರೆ ಅಂಕಣದ ಅಳತೆ ಬೈಟುಗಳ ಲೆಕ್ಕದಲ್ಲಿರುತ್ತದೆ. ಹೆಸರಿಗೆ ಮೂವತ್ತು ಸಾಕಲ್ಲವೇ ಎಂದು ಮೂವತ್ತು ಕೊಟ್ಟವರ ಕೋಷ್ಟಕದಲ್ಲಿ ಕೃಷ್ಣಮೂರ್ತಿಗೆ ಜಾಗವಿಲ್ಲ. ಮೂವತ್ತು ಎಂದು ಗೊತ್ತುಮಾಡಿದವರು ಇಂಗ್ಲಿಷಿನ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಅಷ್ಟೇ.

ಈಗ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಇವೆಲ್ಲ ಹಳೆಯ ಕಾಲದ ಸಂಕಟಗಳು. ಈಗ ಮೈಎಸ್‌ಕ್ಯೂಎಲ್ ಕೂಡ ನಾಲ್ಕು ಬೈಟುಗಳವರೆಗಿನ ಪೂರ್ಣ ಯುಟಿಎಫ್-8 ಅನ್ನೇ ತಾನಾಗಿ ಕೊಡುತ್ತದೆ, ಮಿಕ್ಕವೂ ಆ ದಾರಿಯಲ್ಲಿವೆ, ಇನ್ನು ಹೇಳುವುದೇನಿದೆ ಎಂದು ಕೇಳುತ್ತಾರೆ. ಅಕ್ಷರವನ್ನು ಕೆಡದಂತೆ ಇಟ್ಟುಕೊಳ್ಳುವ ಮಟ್ಟಿಗೆ ಈ ಮಾತು ಸರಿ. ಆದರೆ ಡೇಟಾಬೇಸು ಅಕ್ಷರಗಳನ್ನು ಇಟ್ಟುಕೊಳ್ಳುವುದರ ಜೊತೆಗೆ ಅವುಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವೆರಡು ಒಂದೇ ಎಂದು ತೀರ್ಮಾನಿಸುವ ನಿಯಮಾವಳಿಗೆ ಕೊಲೇಶನ್ ಎನ್ನುತ್ತಾರೆ. ಯುಟಿಎಫ್-8 ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೊಡುವುದು ಅದರ ಕೆಲಸವೂ ಅಲ್ಲ.

ಕನ್ನಡದಲ್ಲಿ ಈ ಹೋಲಿಕೆ ಎಡವುವ ಜಾಗ ‘ಳ’. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದಮೇಲೆ ‘ಳ’ ಬರುತ್ತದೆ. ನಿಘಂಟುಗಳೂ ಈ ಕ್ರಮವನ್ನೇ ಹಿಡಿದಿವೆ. ಯುನಿಕೋಡ್ ಪಟ್ಟಿಯಲ್ಲಿ ಮಾತ್ರ ‘ಳ’ಗೆ ‘ಲ’ದ ಪಕ್ಕದ ಸಂಖ್ಯೆ ಸಿಕ್ಕಿದೆ, ‘ವ’ಕ್ಕಿಂತ ಮೊದಲು. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಸಾಲುಗೂಡಿಸಿದ ಏರ್ಪಾಡಿನ ಫಲ ಅದು. ಸಂಖ್ಯೆ ಕೊಟ್ಟವರನ್ನು ದೂರಬೇಕಾಗಿಲ್ಲ, ಏಕೆಂದರೆ ಸಂಖ್ಯೆಯೇ ಅನುಕ್ರಮ ಎಂದು ಅವರು ಹೇಳಿಲ್ಲ. ಆದರೆ ಸರ್ವರನ್ನು ‘ಸಿ’ ಎಂಬ ಲೊಕೇಲಿನಲ್ಲಿ, ಅಂದರೆ ಭಾಷಾ ಸಂಯೋಜನೆಯಲ್ಲಿ, ಸ್ಥಾಪಿಸಿ ಬೇರೇನನ್ನೂ ಹೇಳದೆ ಡೇಟಾಬೇಸ್ ಸೃಷ್ಟಿಸಿದರೆ ಪೋಸ್ಟ್‌ಗ್ರೆಸ್ ಜೋಡಿಸುವುದು ಸಂಖ್ಯೆಯ ಕ್ರಮದಲ್ಲೇ. ಆಗ ನಮ್ಮ ಊರುಗಳ ಪಟ್ಟಿಯಲ್ಲಿ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ ಬರುತ್ತದೆ, ಮಸ್ಕಿಗಿಂತ ಮೊದಲು ಮಳವಳ್ಳಿ ಬರುತ್ತದೆ. ‘ಳ’ದಿಂದ ಆರಂಭವಾಗುವ ಪದಗಳು ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಪಟ್ಟಿಯ ಮೊದಲಕ್ಷರಗಳ ಮೇಲೆ ಕಣ್ಣಾಡಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆಗೆಂದು ಹತ್ತು ಹೆಸರು ಹಾಕಿ ನೋಡಿದವರಿಗೂ ದೋಷ ಸಿಗದೆ ಹೋಗಬಹುದು. ಗ್ರಂಥಾಲಯದ ಸೂಚಿಯಲ್ಲಿ ಪುಸ್ತಕ ಹುಡುಕುವ ಓದುಗ, ಅದು ಇರಬೇಕಾದ ಜಾಗದಲ್ಲಿ ಇಲ್ಲವೆಂದು ಕಂಡು ಪುಸ್ತಕವೇ ಇಲ್ಲವೆಂದು ಹಿಂದಿರುಗುತ್ತಾನೆ.

ಅನುಕ್ರಮಕ್ಕಿಂತ ಆಳವಾದದ್ದು ಸಮಾನತೆಯ ಪ್ರಶ್ನೆ. ‘ಕೋ’ ಎಂಬುದನ್ನು ‘ಕ’ಕ್ಕೆ ‘ಓ’ಕಾರದ ಒಂದೇ ಚಿಹ್ನೆ ಹಚ್ಚಿ ಬರೆಯಬಹುದು, ಎಕಾರ, ಊಕಾರ, ದೀರ್ಘಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಎರಡೂ ಸಾಧು ಎಂದು ಯುನಿಕೋಡ್ ಹೇಳುತ್ತದೆ, ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣಬೇಕು. ಬೈಟುಗಳನ್ನು ಮಾತ್ರ ಹೋಲಿಸುವ ಡೇಟಾಬೇಸಿಗೆ ಅವು ಎರಡು ಬೇರೆ ಪದಗಳು. ಕೋಲಾರ ಎಂದು ಹುಡುಕಿದರೆ ಒಂದು ಬಗೆಯ ಕೋಲಾರ ಸಿಕ್ಕಿ ಇನ್ನೊಂದು ಬಗೆಯದು ಸಿಗುವುದಿಲ್ಲ. ಇನ್ನು ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ, ‘ಜ’ದ ಕೆಳಗೆ ‘ಕ’ ಒತ್ತಾಗಿ ಇಳಿಯದಿರಲೆಂದು, ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆ ಚಿಹ್ನೆಯನ್ನು ಹಾಕುತ್ತೇವೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇಂದಿನ ರೂಢಿಯ ಕೊಲೇಶನ್ ಆ ಚಿಹ್ನೆಯನ್ನು ಲೆಕ್ಕಕ್ಕೆ ಹಿಡಿಯದೆ ಎರಡೂ ಒಂದೇ ಹೆಸರು ಎನ್ನುತ್ತದೆ. ಪೋಸ್ಟ್‌ಗ್ರೆಸ್ ತನ್ನ ರೂಢಿಯ ಸಂಯೋಜನೆಯಲ್ಲಿ ಎರಡೂ ಬೇರೆ ಎನ್ನುತ್ತದೆ. ಯಾವುದು ಸರಿ ಎಂಬುದು ನಾವು ತೀರ್ಮಾನಿಸಬೇಕಾದದ್ದು. ಒಂದು ಹೆಸರು ಎರಡು ಸಲ ಬರಕೂಡದು ಎಂದು ನಿರ್ಬಂಧ ಹಾಕಿದ ಕೋಷ್ಟಕದಲ್ಲಿ ಒಂದೇ ಹೆಸರು ಎರಡು ಸಾಲಾಗಿ ನುಸುಳುವುದೋ, ಎರಡು ಕೋಷ್ಟಕಗಳನ್ನು ಹೆಸರಿನ ಮೇಲೆ ಜೋಡಿಸುವಾಗ ಒಂದು ಸಾಲು ಜಾರಿಹೋಗುವುದೋ ಈ ತೀರ್ಮಾನದ ಮೇಲೆ ನಿಂತಿದೆ.

ಸಿದ್ಧಾಂತ ಬಲ್ಲವರು ಇಲ್ಲಿ ಕಾಡ್ ಅವರನ್ನೇ ಮುಂದಿಟ್ಟು ವಾದಿಸಬಹುದು. ಆ 1970ರ ಪ್ರಬಂಧ ಹಳೆಯ ವ್ಯವಸ್ಥೆಗಳ ಮೇಲೆ ಹೊರಿಸಿದ ಮೂರು ದೋಷಗಳಲ್ಲಿ ಮೊದಲನೆಯದೇ ಅನುಕ್ರಮಕ್ಕೆ ಕಟ್ಟುಬಿದ್ದಿರುವುದು. ಕೋಷ್ಟಕದ ಸಾಲುಗಳಿಗೆ ಸ್ವಂತ ಕ್ರಮವಿಲ್ಲ, ಯಾವ ಕ್ರಮ ಬೇಕೋ ಅದನ್ನು ಪ್ರಶ್ನೆ ಕೇಳುವಾಗ ಹೇಳಿದರಾಯಿತು ಎಂಬುದು ಕೋಷ್ಟಕಗಳ ಈ ‘ರಿಲೇಷನಲ್’ ಚಿಂತನೆಯ ಬೇರು. ಹಾಗಿರುವಾಗ ಸೃಷ್ಟಿಯ ಹೊತ್ತಿನಲ್ಲೇ ಕ್ರಮದ ಚಿಂತೆ ಏಕೆ? ಉತ್ತರ ಇದೇ ಸಿದ್ಧಾಂತದೊಳಗಿದೆ. ಸಾಲುಗಳಿಗೆ ಕ್ರಮವಿಲ್ಲವೆಂದರೂ ಮೌಲ್ಯಗಳ ನಡುವೆ ಸಮಾನತೆ ಇರಲೇಬೇಕು; ಅದಿಲ್ಲದೆ ಕೀಲಿ ಅಂಕಣಕ್ಕೆ ಅರ್ಥವಿಲ್ಲ, ಕೋಷ್ಟಕಗಳ ಜೋಡಣೆಯೂ ಇಲ್ಲ. ಮೌಲ್ಯಗಳ ಈ ಗುಣ ಪ್ರಶ್ನೆಗಿಂತ ಮೊದಲೇ ಗೊತ್ತಾಗಿರಬೇಕು. ಮೇಲಾಗಿ, ಬೇಗ ಹುಡುಕಲು ವ್ಯವಸ್ಥೆ ಕಟ್ಟಿಕೊಳ್ಳುವ ಇಂಡೆಕ್ಸು ಒಂದು ಕ್ರಮವನ್ನು ನಂಬಿಯೇ ನಿಂತಿರುತ್ತದೆ. ನಾವು ಕ್ರಮ ಹೇಳಲಿಲ್ಲವೆಂದು ಅದು ಕಾಯುವುದಿಲ್ಲ.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಘಟನೆ ಸಾಕ್ಷಿ. ಲಿನಕ್ಸ್ ಯಂತ್ರಗಳ ಮೂಲ ತಂತ್ರಾಂಶ ಗ್ರಂಥಾಲಯವಾದ ಜಿಲಿಬ್‌ಸಿ ಆ ವರ್ಷದ ಆಗಸ್ಟ್‌ನಲ್ಲಿ 2.28 ಆವೃತ್ತಿಗೆ ಬಂದಾಗ ಅದರೊಳಗಿನ ಅನುಕ್ರಮದ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಪೋಸ್ಟ್‌ಗ್ರೆಸ್ ಆ ಗ್ರಂಥಾಲಯವನ್ನು ಕೇಳಿಯೇ ಪಠ್ಯವನ್ನು ಹೋಲಿಸುತ್ತಿತ್ತು. ಯಂತ್ರದ ಕಾರ್ಯವ್ಯವಸ್ಥೆಯನ್ನು ಹೊಸದು ಮಾಡಿದವರ ಡೇಟಾಬೇಸಿನಲ್ಲಿ ಇಂಡೆಕ್ಸುಗಳು ಹಳೆಯ ಕ್ರಮದಲ್ಲಿ ಉಳಿದವು, ಹುಡುಕಾಟ ಮಾತ್ರ ಹೊಸ ಕ್ರಮದಲ್ಲಿ ನಡೆಯತೊಡಗಿತು. ಕಣ್ಣೆದುರಿಗೇ ಇರುವ ಸಾಲು ಇಲ್ಲವೆಂಬ ಉತ್ತರ ಬರುವುದು, ಒಂದೇ ಇರಬೇಕಾದದ್ದು ಎರಡಾಗುವುದು, ಇಂಥ ದೋಷಗಳಿಗೆ ದಾರಿಯಾಯಿತು. ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕಾಯಿತು. 2022ರ 15ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್, ಡೇಟಾಬೇಸು ಯಾವ ಕೊಲೇಶನ್ ಆವೃತ್ತಿಯಲ್ಲಿ ಹುಟ್ಟಿತು ಎಂಬುದನ್ನು ಅದರ ದಾಖಲೆಯಲ್ಲೇ ಬರೆದಿಟ್ಟುಕೊಂಡು, ವ್ಯತ್ಯಾಸ ಕಂಡರೆ ಎಚ್ಚರಿಸುತ್ತದೆ. ಅದೇ ಆವೃತ್ತಿಯಿಂದ ಇಡೀ ಡೇಟಾಬೇಸಿಗೆ ಐಸಿಯು ಎಂಬ ಸ್ವತಂತ್ರ ಗ್ರಂಥಾಲಯದ ಅನುಕ್ರಮವನ್ನೂ, ಅದರಲ್ಲಿ ಕನ್ನಡದ ನಿಯಮವನ್ನೂ, ಸೃಷ್ಟಿಯ ಆದೇಶದಲ್ಲೇ ಆರಿಸಿಕೊಳ್ಳಬಹುದಾಗಿದೆ. ಆ ನಿಯಮದಲ್ಲಿ ‘ಳ’ ತನ್ನ ಜಾಗದಲ್ಲಿ, ‘ಹ’ದ ನಂತರವೇ ಇದೆ. ಯಂತ್ರಕ್ಕೆ ನಮ್ಮ ವರ್ಣಮಾಲೆ ಗೊತ್ತಿದೆ. ಬಳಸು ಎಂದು ನಾವು ಹೇಳಬೇಕಷ್ಟೆ.

ಮುಂದೆ ಬೇಕಾದಾಗ ಬದಲಾಯಿಸಿಕೊಂಡರಾಯಿತು ಎನ್ನುವವರಿಗೆ ಈಗಾಗಲೇ ಅರ್ಧ ಉತ್ತರ ಸಿಕ್ಕಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಮ್ಮೆ ಸೃಷ್ಟಿಯಾದ ಡೇಟಾಬೇಸಿನ ಅಕ್ಷರ ಸಂಕೇತವನ್ನೂ ಮೂಲ ಅನುಕ್ರಮವನ್ನೂ ಬದಲಾಯಿಸುವ ಆದೇಶವನ್ನೇ ಕೊಟ್ಟಿಲ್ಲ. ಎಲ್ಲವನ್ನೂ ಹೊರತೆಗೆದು, ಸರಿಯಾಗಿ ಸೃಷ್ಟಿಸಿದ ಇನ್ನೊಂದಕ್ಕೆ ತುಂಬಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸಿನ ಸಂಕೇತವನ್ನು ಬದಲಿಸಬಹುದಾದರೂ ಅದು ಅನ್ವಯಿಸುವುದು ಮುಂದೆ ಹುಟ್ಟುವ ಕೋಷ್ಟಕಗಳಿಗೆ ಮಾತ್ರ. ಈ ಹಿಂದೆ ಕಟ್ಟಿದ ಒಂದೊಂದು ಕೋಷ್ಟಕವನ್ನೂ ಬೇರೆಬೇರೆಯಾಗಿ ಪರಿವರ್ತಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಪ್ರಶ್ನೆಚಿಹ್ನೆಯಾಗಿ ಹೋದ ಹೆಸರು ಹಿಂದೆ ಬರುವುದಿಲ್ಲ.

ಇನ್ನೊಂದು ಆಕ್ಷೇಪ ವೇಗದ್ದು. ಭಾಷೆಯ ನಿಯಮ ನೋಡಿ ಹೋಲಿಸುವುದಕ್ಕಿಂತ ಬೈಟು ಬೈಟು ಹೋಲಿಸುವುದು ವೇಗ, ಇದು ನಿಜ. ಹಾಗೆಯೇ ಕನ್ನಡಕ್ಕೆ ಹೆಚ್ಚು ಜಾಗ ಬೇಕು ಎಂಬುದೂ ನಿಜ. ಆದರೆ ಆಧಾರ್ ಸಂಖ್ಯೆ, ಸರ್ವೆ ನಂಬರು, ಪಿನ್‌ಕೋಡು ಇಂಥ ಅಂಕಣಗಳಿಗೆ ಭಾಷೆಯ ನಿಯಮ ಬೇಕಿಲ್ಲ. ಅಂಥ ಅಂಕಣಕ್ಕೆ ಬೈಟಿನ ಹೋಲಿಕೆ ಸಾಕು ಎಂದು ಆ ಅಂಕಣದ ಮಟ್ಟಿಗೆ ಹೇಳಲು ಈ ವ್ಯವಸ್ಥೆಗಳಲ್ಲಿ ಅವಕಾಶವಿದೆ. ಹೆಸರು, ಊರು, ಶೀರ್ಷಿಕೆ ಇಂಥವಕ್ಕೆ ಮಾತ್ರ ಕನ್ನಡದ ನಿಯಮ ಹಿಡಿದರೆ ಹೊರೆ ಹೆಚ್ಚೇನೂ ಆಗದು. ಅಷ್ಟಕ್ಕೂ ತಪ್ಪು ಉತ್ತರವನ್ನು ಬೇಗ ಕೊಡುವ ವ್ಯವಸ್ಥೆಯಿಂದ ಯಾರಿಗೆ ಲಾಭ?

ಇಷ್ಟೆಲ್ಲ ತಾಪತ್ರಯ ಏಕೆ, ಇಂಗ್ಲಿಷ್ ಅಕ್ಷರಗಳಲ್ಲೇ ತುಂಬಿದರೆ ಮುಗಿಯಲಿಲ್ಲವೇ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದೂ ಅದೇ. ರೋಮನ್ ಲಿಪಿಯ ರೂಢಿ ಬರವಣಿಗೆಯಲ್ಲಿ ಲ ಮತ್ತು ಳ ಒಂದೇ, ತ ಮತ್ತು ಟ ಒಂದೇ, ಹ್ರಸ್ವ ದೀರ್ಘಗಳ ನಡುವೆ ಗೆರೆಯಿಲ್ಲ. ಮಾಲ ಯಾರು, ಮಾಳ ಯಾವುದು ಎಂದು ಅಲ್ಲಿಂದ ಮತ್ತೆ ಕನ್ನಡಕ್ಕೆ ತರುವ ದಾರಿ ಮುಚ್ಚಿಹೋಗುತ್ತದೆ. ಅದೂ ಸ್ಥಿರವಲ್ಲ. 2014ರ ನವೆಂಬರ್ 1ರಿಂದ ನಮ್ಮ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಮೈಸೂರು ಎಂದು ಕನ್ನಡದಲ್ಲೇ ಬರೆದಿಟ್ಟಿದ್ದ ದಾಖಲೆಯಲ್ಲಿ ಒಂದಕ್ಷರವನ್ನೂ ಮುಟ್ಟಬೇಕಾಗಿರಲಿಲ್ಲ. ರೋಮನ್ ಲಿಪಿಯ ಪಟ್ಟಿಗಳನ್ನು ತಿದ್ದಬೇಕಾಯಿತು. ಹಾಗೆಯೇ, ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ಅವನ್ನು ಕನ್ನಡದಲ್ಲೇ ತಂದಿತು. ಆಗ ಕಂಪ್ಯೂಟರಿನಲ್ಲಿ ಕನ್ನಡಕ್ಕಿದ್ದ ಸಲಕರಣೆ ಇಂದಿನದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆಗಲೇ ಆದದ್ದು ಈಗ ಕಷ್ಟ ಎನ್ನಲು ಕಾರಣವಿಲ್ಲ.

ಹಾಗಾದರೆ ಆ ಮೊದಲ ಆದೇಶದಲ್ಲಿ ಏನಿರಬೇಕು? ಹೆಸರಿನ ಜೊತೆಗೆ ಡೇಟಾಬೇಸಿನ ಒಡೆತನ ಯಾರದು, ಅಕ್ಷರ ಸಂಕೇತ ಯಾವುದು, ಕೊಲೇಶನ್ ಒದಗಿಸುವವರು ಯಾರು, ಅದರಲ್ಲಿ ಕನ್ನಡದ ನಿಯಮ ಯಾವುದು, ಪೋಸ್ಟ್‌ಗ್ರೆಸ್ ಆದರೆ ಯಾವ ಟೆಂಪ್ಲೇಟಿನಿಂದ ಪ್ರತಿ, ಇಷ್ಟೂ ಬರವಣಿಗೆಯಲ್ಲಿರಬೇಕು. ರೂಢಿಯ ಸಂಯೋಜನೆ ಸರಿಯಾಗಿದ್ದರೂ ಬರೆಯಬೇಕು, ಏಕೆಂದರೆ ಇನ್ನೊಂದು ಯಂತ್ರದಲ್ಲಿ ಅದೇ ರೂಢಿ ಇರುತ್ತದೆಂಬ ಭರವಸೆಯಿಲ್ಲ. ಅಂಕಣಗಳ ಅಳತೆ ಬೈಟಿನಲ್ಲೋ ಸಂಕೇತದಲ್ಲೋ ಎಂಬುದೂ ಗೊತ್ತಾಗಬೇಕು. ಹೊರಗಿನಿಂದ ಬರುವ ಪಠ್ಯವನ್ನು ಒಳಗೆ ಬಿಡುವ ಮೊದಲು ಯುನಿಕೋಡ್‌ನ ಏಕರೂಪಕ್ಕೆ ತರುವ ಕೆಲಸ ಪ್ರೋಗ್ರಾಮಿನದು; ಅದನ್ನು ಡೇಟಾಬೇಸಿನ ಮೇಲೆ ಹೊರಿಸುವಂತಿಲ್ಲ. ಸಾರ್ವಜನಿಕ ಹಣದಲ್ಲಿ ಕಟ್ಟುವ ವ್ಯವಸ್ಥೆಯಾದರೆ ಈ ಷರತ್ತುಗಳು ಟೆಂಡರಿನಲ್ಲೇ ಇರಬೇಕು, ಒಪ್ಪಿಸಿಕೊಳ್ಳುವ ಪರೀಕ್ಷೆಯೂ ಅದರಲ್ಲೇ ಇರಬೇಕು. ಪರೀಕ್ಷೆ ಸರಳ: ಮೂವತ್ತು ಎಂದು ಅಳತೆ ಕೊಟ್ಟ ಅಂಕಣದಲ್ಲಿ ಕೃಷ್ಣಮೂರ್ತಿ ಪೂರ್ತಿ ಹಿಡಿಸಬೇಕು, ಎರಡು ಬಗೆಯ ಕೋಲಾರವನ್ನು ಒಳಗೆ ಕಳಿಸಿದರೂ ಒಂದೇ ಕೋಲಾರ ನಿಲ್ಲಬೇಕು, ಬಸವಕಲ್ಯಾಣದ ನಂತರ ಬಳ್ಳಾರಿ ಬರಬೇಕು, ಮಸ್ಕಿಯ ನಂತರ ಮಳವಳ್ಳಿ. ಇದನ್ನು ನೋಡಿ ಸಹಿ ಹಾಕಲು ಕಂಪ್ಯೂಟರ್ ಬಲ್ಲವರೇ ಬೇಕೆಂದಿಲ್ಲ. ವರ್ಣಮಾಲೆ ಬಲ್ಲ ಗ್ರಂಥಪಾಲಕರೋ ಕನ್ನಡ ಅಧ್ಯಾಪಕರೋ ಸಾಕು, ಆದರೆ ಅವರ ಸಹಿ ಇಲ್ಲದೆ ಕೊನೆಯ ಕಂತಿನ ಹಣ ಬಿಡುಗಡೆ ಆಗಬಾರದು.